ಪಾಠಯೋಜನೆಗಳನ್ನು ಒಟ್ಟಿಗೇ ಹಳೆಯ ಫೈಲ್ ರೂಪಕ್ಕೆ ತರುವುದು: ಒಂದು ಐಸಿಟಿ ಪಾಠ

ತರಗತಿ: ಬಿ.ಇಡಿ. ದ್ವಿತೀಯ ವರ್ಷ
ಅವಧಿ: 45 ನಿಮಿಷಗಳ ಎರಡು ಅವಧಿಗಳು
ಪೂರ್ವಜ್ಞಾನ: ಫೈಲ್ ಉಳಿಸುವುದು, ಫೋಲ್ಡರ್ ಮಾಡುವುದು, ಕನ್ನಡ ಟೈಪಿಂಗ್
ಸಾಮಗ್ರಿ: ಉಬುಂಟು ಮತ್ತು ಲಿಬ್ರೆಆಫೀಸ್ ಇರುವ ಲ್ಯಾಬ್, ಆಫೀಸ್ 2003 ಇರುವ ಒಂದು ಹಳೆಯ ಕಂಪ್ಯೂಟರ್, ಪೆನ್‌ಡ್ರೈವ್, ಪ್ರಶಿಕ್ಷಣಾರ್ಥಿಗಳು ತಾವೇ ಬರೆದ ಪಾಠಯೋಜನೆಗಳು

ಪಾಠದ ಅಗತ್ಯ

ಎನ್‌ಸಿಟಿಇಯ 2014ರ ನಿಯಮಾವಳಿಯಂತೆ ಎರಡು ವರ್ಷಗಳ ಬಿ.ಇಡಿ.ಯಲ್ಲಿ ಪ್ರಶಿಕ್ಷಣಾರ್ಥಿಗಳು ಒಟ್ಟು 20 ವಾರ ಶಾಲೆಯಲ್ಲಿರಬೇಕು. ನಮ್ಮ ಭಾಗದಲ್ಲಿ ಆ ಶಾಲೆಗಳು ಹೊಸಪೇಟೆ ನಗರ, ಹಂಪಿ–ಕಮಲಾಪುರದ ಕಡೆ, ಸಂಡೂರು, ಕಂಪ್ಲಿ ಎಂದು ಹಂಚಿಹೋಗಿವೆ. ಇಂಟರ್ನ್‌ಶಿಪ್ ಮುಗಿಸಿ ಬರುವಾಗ ಪಾಠಯೋಜನೆಗಳ ಒಂದು ಪ್ರತಿಯನ್ನು ಶಾಲೆಯಲ್ಲಿ ಬಿಟ್ಟುಬರುವುದು ಒಳ್ಳೆಯ ರೂಢಿ. ವಾರಗಟ್ಟಲೆ ತನ್ನ ತರಗತಿಯನ್ನು ಬಿಟ್ಟುಕೊಟ್ಟ ವಿಷಯ ಶಿಕ್ಷಕರಿಗೆ ನಾವು ಮರಳಿ ಕೊಡಬಹುದಾದದ್ದು ಅದೊಂದೇ. ಆದರೆ ಶಾಲೆಯ ಕಂಪ್ಯೂಟರಿನಲ್ಲಿ ವಿಂಡೋಸ್ ಎಕ್ಸ್‌ಪಿ ಮತ್ತು ಆಫೀಸ್ 2003 ಇದ್ದರೆ, ನಮ್ಮವರು ಲ್ಯಾಪ್‌ಟಾಪಿನಲ್ಲಿ ಮಾಡಿದ ಡಾಕ್ಸ್ ಫೈಲುಗಳು ಅಲ್ಲಿ ತೆರೆಯುವುದಿಲ್ಲ. ಪೆನ್‌ಡ್ರೈವ್ ಮುಖ್ಯಶಿಕ್ಷಕರ ಮೇಜಿನ ಖಾನೆ ಸೇರುತ್ತದೆ. ಒಂದು ತಂಡದ ಅಷ್ಟೂ ದುಡಿಮೆ ಅಲ್ಲಿಗೆ ಮುಗಿಯುತ್ತದೆ.

ಹೊಸದನ್ನು ಕಲಿಸಬೇಕಾದ ಕಾಲದಲ್ಲಿ ಹಳೆಯದಕ್ಕೆ ಇಳಿಸುವುದನ್ನು ಯಾಕೆ ಕಲಿಸಬೇಕು ಎಂದು ಕೇಳುವ ಸಹೋದ್ಯೋಗಿಗಳಿದ್ದಾರೆ. ಶಿಕ್ಷಕರು ಕೆಲಸ ಮಾಡಬೇಕಾದದ್ದು ಶಾಲೆಯಲ್ಲಿ ಇರುವ ಯಂತ್ರದ ಜೊತೆ. ಇರಬೇಕಾದ ಯಂತ್ರದ ಜೊತೆ ಅಲ್ಲ. ಪಿಡಿಎಫ್ ಮಾಡಿ ಕೊಟ್ಟರೆ ಮುಗಿಯಿತಲ್ಲ ಎಂಬುದು ಇನ್ನೊಂದು ಮಾತು. ಓದಲು ಪಿಡಿಎಫ್ ಸಾಕು. ಪಾಠಯೋಜನೆ ಓದಿ ಮುಚ್ಚಿಡುವ ವಸ್ತುವಲ್ಲ. ಮುಂದಿನ ವರ್ಷ ಆ ಶಿಕ್ಷಕರು ಒಂದು ಚಟುವಟಿಕೆ ತೆಗೆದು ಇನ್ನೊಂದು ಹಾಕಬೇಕು, ತಮ್ಮ ಊರಿನ ಉದಾಹರಣೆ ಸೇರಿಸಬೇಕು. ತಿದ್ದಲು ಬರುವ ರೂಪದಲ್ಲೇ ಕೊಡಬೇಕು.

ಎರಡು ರೂಪಗಳ ಬಗ್ಗೆ ಅಧ್ಯಾಪಕರಿಗೆ ತಿಳಿದಿರಬೇಕಾದದ್ದು

ವರ್ಡ್ 97ರಿಂದ 2003ರವರೆಗೆ ಮೈಕ್ರೋಸಾಫ್ಟ್ ವರ್ಡ್ ಬಳಸಿದ್ದು ಡಾಕ್ ರೂಪ. ಅದು ಆ ತಂತ್ರಾಂಶ ಮಾತ್ರ ಬಿಡಿಸಿ ಓದುವಂತೆ ಗಂಟು ಕಟ್ಟಿದ ಒಂದೇ ಫೈಲು. ಆಫೀಸ್ 2007ರ ಜೊತೆ ಡಾಕ್ಸ್ ಬಂತು. ಇದನ್ನು 2006ರ ಡಿಸೆಂಬರಿನಲ್ಲಿ ಎಕ್ಮಾ ಸಂಸ್ಥೆ ಮಾನಕವೆಂದು ಒಪ್ಪಿತು, 2008ರಲ್ಲಿ ಅದು ಐಎಸ್‌ಒ ಮಾನಕವೂ ಆಯಿತು. ಡಾಕ್ಸ್ ಎಂಬುದು ಒಂದು ಜಿಪ್ ಚೀಲ. ಒಳಗೆ ಬರಹಕ್ಕೊಂದು ಫೈಲು, ಚಿತ್ರಗಳಿಗೊಂದು ಫೋಲ್ಡರ್, ಶೈಲಿಗೆ ಬೇರೆ ಫೈಲು ಇರುತ್ತವೆ.

ಹಳೆಯ ಆಫೀಸಿನಲ್ಲಿ ಡಾಕ್ಸ್ ತೆರೆಯಲೆಂದು ಮೈಕ್ರೋಸಾಫ್ಟ್ ಒಂದು ಉಚಿತ ಪೂರಕ ತಂತ್ರಾಂಶ ಕೊಟ್ಟಿತ್ತು. 2018ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಎಕ್ಸ್‌ಪಿಗೂ ಆಫೀಸ್ 2003ಕ್ಕೂ 2014ರ ಏಪ್ರಿಲ್ 8ರಂದೇ ಬೆಂಬಲ ನಿಂತಿದೆ. ಎಕ್ಸ್‌ಪಿಯಲ್ಲಿ ಓಡುವ ಕೊನೆಯ ಲಿಬ್ರೆಆಫೀಸ್ 5.4ರ ಸರಣಿ. ಅದನ್ನು ಹಾಕಿಕೊಡಲು ಮುಖ್ಯಶಿಕ್ಷಕರು ಒಪ್ಪಿದರೆ ಬಹಳ ಒಳ್ಳೆಯದು. ಆದರೆ ಇನ್ನೊಬ್ಬರ ಲ್ಯಾಬಿನ ಯಂತ್ರವನ್ನು ನಾವು ಮುಟ್ಟುವಂತಿಲ್ಲ ಎಂದುಕೊಂಡೇ ಪಾಠ ಯೋಜಿಸಬೇಕು.

ತೊಡಗಿಸುವಿಕೆ

ಈ ಪಾಠಕ್ಕೆ ಸರಿಯಾದ ಬಾಗಿಲು ಒಂದು ತಪ್ಪು ಕಲ್ಪನೆ. ‘ಡಾಕ್ಸ್ ಫೈಲನ್ನು ಡಾಕ್ ಮಾಡುವುದು ಹೇಗೆ?’ ಎಂದು ಕೇಳಿದರೆ ತರಗತಿಯಲ್ಲಿ ಒಬ್ಬರಾದರೂ ‘ಹೆಸರಿನ ಕೊನೆಯ ಅಕ್ಷರ ಅಳಿಸಿದರೆ ಆಯಿತು’ ಎನ್ನುತ್ತಾರೆ. ಅವರನ್ನೇ ಕರೆದು ಮಾಡಿಸಿ. ಹಾಗೆ ಹೆಸರು ಬದಲಿಸಿದ ಫೈಲು ಅವರ ಲ್ಯಾಪ್‌ಟಾಪಿನಲ್ಲಿ ಸರಾಗವಾಗಿ ತೆರೆಯುತ್ತದೆ. ‘ಮೇಡಂ, ಓಪನ್ ಆತಲ್ರೀ!’ ಎಂದು ಹಿಂದಿನ ಬೆಂಚಿನಿಂದ ದನಿ ಬರುತ್ತದೆ. ಈಗ ಅದೇ ಫೈಲನ್ನು ಆಫೀಸ್ 2003 ಇರುವ ಯಂತ್ರದಲ್ಲಿ ತೆರೆಸಿ. ಅರ್ಥವಿಲ್ಲದ ಗುರುತುಗಳ ರಾಶಿ, ಅದರ ಮೊದಲಿಗೆ ಇಂಗ್ಲಿಷಿನ ಪಿ ಮತ್ತು ಕೆ. ಹೊಸ ತಂತ್ರಾಂಶ ಹೆಸರನ್ನು ನಂಬದೆ ಒಳಗಿನದನ್ನು ನೋಡಿ ಗುರುತಿಸುತ್ತದೆ. ಹಳೆಯದಕ್ಕೆ ಆ ಒಳಗಿನದೇ ಗೊತ್ತಿಲ್ಲ. ಪಿ.ಕೆ. ಎಂಬುದು ಜಿಪ್ ರೂಪವನ್ನು ಮಾಡಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು ಎಂದು ಹೇಳಿದರೆ, ಡಾಕ್ಸ್ ಒಂದು ಚೀಲ ಎಂಬುದು ಬೇರೆ ವಿವರಣೆಯಿಲ್ಲದೆ ತಿಳಿಯುತ್ತದೆ. ಹೆಸರಿನ ಕೊನೆಗೆ ಜಿಪ್ ಎಂದು ಹಾಕಿ ಚೀಲವನ್ನು ಬಿಚ್ಚಿಸಿ. ವಿರೂಪಾಕ್ಷ ಗುಡಿಯ ಗೋಪುರದ ಫೋಟೋ ಮೀಡಿಯಾ ಎಂಬ ಫೋಲ್ಡರಿನಲ್ಲಿ ಬೇರೆಯಾಗಿ ಕುಳಿತಿರುವುದನ್ನು ಕಂಡಾಗ ಅವರಿಗಾಗುವ ಬೆರಗನ್ನು ಕಸಿದುಕೊಳ್ಳಬೇಡಿ. ಎರಡು ನಿಮಿಷ ಸುಮ್ಮನಿರಿ.

ಅನ್ವೇಷಣೆ: ಮೊದಲು ಕೈಯಿಂದ

ಒಟ್ಟಿಗೇ ಮಾಡುವ ಆಜ್ಞೆಯನ್ನು ತಕ್ಷಣ ಕೊಡಬಾರದು. ಪ್ರತಿ ಗುಂಪೂ ಮೂರು ಫೈಲುಗಳನ್ನು ಒಂದೊಂದಾಗಿ ತೆರೆದು, ‘ಹೀಗೆ ಉಳಿಸು’ ಎಂಬಲ್ಲಿ ವರ್ಡ್ 97–2003 ರೂಪವನ್ನು ಆಯ್ದು, ಬೇರೆ ಫೋಲ್ಡರಿನಲ್ಲಿ ಉಳಿಸಲಿ. ನಂತರ ಎರಡು ಪಟ್ಟಿ ಬರೆಯಲಿ: ಮೂರರಲ್ಲೂ ಒಂದೇ ಆಗಿದ್ದ ಹೆಜ್ಜೆಗಳು ಯಾವುವು, ಪ್ರತಿ ಸಲ ಬೇರೆಯಾದದ್ದು ಯಾವುದು? ಬೇರೆಯಾದದ್ದು ಫೈಲಿನ ಹೆಸರು ಮಾತ್ರ. ಅಷ್ಟು ಕಂಡುಕೊಂಡವರಿಗೆ ಮುಂದಿನ ಆಜ್ಞೆ ಮಂತ್ರದಂತೆ ಕಾಣುವುದಿಲ್ಲ.

ಲಿಬ್ರೆಆಫೀಸಿನ ಮೆನುವಿನಲ್ಲೇ ಒಂದು ದಸ್ತಾವೇಜು ಪರಿವರ್ತಕವಿದೆ. ಚುರುಕಾದ ಪ್ರಶಿಕ್ಷಣಾರ್ಥಿ ಅದನ್ನು ಹುಡುಕಿ ತೆಗೆಯುತ್ತಾರೆ. ಅದು ಆಫೀಸ್ ಫೈಲುಗಳನ್ನು ಓಪನ್ ಡಾಕ್ಯುಮೆಂಟ್ ರೂಪಕ್ಕೆ ಮಾತ್ರ ತರುತ್ತದೆ. ನಮಗೆ ಬೇಕಾದ ದಾರಿ ಅದರಲ್ಲಿಲ್ಲ. ಹಾಗಾಗಿ ಟರ್ಮಿನಲ್ಲೇ ಗತಿ.

ವಿವರಣೆ

ಆಜ್ಞೆಯನ್ನು ಕರಿಹಲಗೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಒಂದೇ ಸಾಲಾಗಿ ಬರೆದು, ಒಂದೊಂದು ಪದದ ಕೆಲಸವನ್ನು ಪ್ರಶಿಕ್ಷಣಾರ್ಥಿಗಳಿಂದಲೇ ಊಹೆ ಮಾಡಿಸಬೇಕು. ಮೊದಲನೆಯದು ‘ಸಾಫೀಸ್’, ಅಂದರೆ ಲಿಬ್ರೆಆಫೀಸನ್ನು ಕರೆಯುವ ಹೆಸರು. ‘ಹೆಡ್‌ಲೆಸ್’ ಎಂದರೆ ಕಿಟಕಿ ತೆರೆಯದೆ ಹಿನ್ನೆಲೆಯಲ್ಲೇ ಕೆಲಸ ಮಾಡು ಎಂದು. ‘ಕನ್ವರ್ಟ್-ಟು’ ಮುಂದೆ ಬೇಕಾದ ರೂಪ, ಇಲ್ಲಿ ಡಾಕ್. ‘ಔಟ್‌ಡಿರ್’ ಮುಂದೆ ಹೊಸ ಫೈಲುಗಳು ಹೋಗಬೇಕಾದ ಫೋಲ್ಡರಿನ ಹೆಸರು. ಕೊನೆಯದು ನಕ್ಷತ್ರ, ಚುಕ್ಕಿ, ಡಾಕ್ಸ್: ಈ ಫೋಲ್ಡರಿನಲ್ಲಿ ಡಾಕ್ಸ್ ಎಂದು ಕೊನೆಗೊಳ್ಳುವುದೆಲ್ಲ. ‘ಪ್ರತಿ ಸಲ ಬೇರೆಯಾದದ್ದು’ ಎಂದು ಅವರೇ ಬರೆದ ಪಟ್ಟಿಯ ಜಾಗದಲ್ಲಿ ಈ ನಕ್ಷತ್ರ ಕುಳಿತಿದೆ ಎಂಬುದನ್ನು ಬೆರಳಿಟ್ಟು ತೋರಿಸಿ.

ಹೆಡ್‌ಲೆಸ್, ಕನ್ವರ್ಟ್-ಟು, ಔಟ್‌ಡಿರ್ ಈ ಮೂರರ ಹಿಂದೆ ಎರಡೆರಡು ಅಡ್ಡಗೆರೆ ಬೇಕು. ಟೈಪ್ ಮಾಡಿದ ಟಿಪ್ಪಣಿಯಿಂದ ನಕಲಿಸಿ ಅಂಟಿಸಿದರೆ ವರ್ಡ್ ಆ ಎರಡನ್ನೂ ಒಂದು ಉದ್ದಗೆರೆಯಾಗಿ ‘ತಿದ್ದಿ’ರುತ್ತದೆ, ಆಜ್ಞೆ ನಡೆಯುವುದಿಲ್ಲ. ಕೈಯಿಂದಲೇ ಟೈಪ್ ಮಾಡಿಸಿ. ಲಿಬ್ರೆಆಫೀಸಿನ ಕಿಟಕಿಗಳು ತೆರೆದಿದ್ದರೆ ಮುಚ್ಚಿಸಿ. ಇಲ್ಲದಿದ್ದರೆ ಹಲವು ಆವೃತ್ತಿಗಳಲ್ಲಿ ಆಜ್ಞೆ ಏನೂ ಮಾಡದೆ, ಏನೂ ಹೇಳದೆ ಮರಳುತ್ತದೆ.

ಇನ್ನೂ ಮುಖ್ಯವಾದದ್ದು ಹೆಸರು. ಎಲ್ಲರ ಫೈಲುಗಳನ್ನೂ ಒಂದೇ ಫೋಲ್ಡರಿಗೆ ತಂದಾಗ ‘ಪಾಠಯೋಜನೆ 1’ ಎಂಬ ಹೆಸರು ಹತ್ತು ಜನರದ್ದಿರುತ್ತದೆ. ಬೇರೆ ಬೇರೆ ಫೋಲ್ಡರುಗಳಿಂದ ಪರಿವರ್ತಿಸಿ ಒಂದೇ ಕಡೆ ಹಾಕಿದರೆ, ಅದೇ ಹೆಸರಿನ ಹಳೆಯ ಫೈಲಿನ ಮೇಲೆ ಹೊಸದು ಕೇಳದೆ ಬರೆದುಕೊಳ್ಳುತ್ತದೆ. ಆದ್ದರಿಂದ ಮೊದಲು ತಾಲ್ಲೂಕು, ಆಮೇಲೆ ವಿಷಯ, ತರಗತಿ, ಕೊನೆಗೆ ಕ್ರಮಸಂಖ್ಯೆ ಎಂಬ ಕ್ರಮದಲ್ಲಿ ಹೆಸರಿಡುವುದನ್ನು ಕಡ್ಡಾಯ ಮಾಡಬೇಕು.

ಕನ್ನಡ ಅಕ್ಷರಗಳಿಗೆ ಏನಾಗುತ್ತದೆ?

ಎರಡನೆಯ ಅವಧಿಯ ಬಹುಪಾಲು ಇದಕ್ಕೇ ಇರಲಿ. ಇಂಗ್ಲಿಷಿನಲ್ಲಿ ಈ ಪಾಠ ಮಾಡುವವರಿಗೆ ಈ ತೊಡಕು ಬರುವುದೇ ಇಲ್ಲ.

‘ಹಳೆಯ ರೂಪ’ ಎಂಬ ಮಾತಿನಲ್ಲಿ ಎರಡು ಬೇರೆ ಸಂಗತಿಗಳಿವೆ: ಫೈಲಿನ ರೂಪ ಒಂದು, ಅಕ್ಷರದ ಸಂಕೇತ ಇನ್ನೊಂದು. ನಮ್ಮ ಆಜ್ಞೆ ಮೊದಲನೆಯದನ್ನು ಮಾತ್ರ ಬದಲಿಸುತ್ತದೆ. ಯೂನಿಕೋಡಿನಲ್ಲಿ ಟೈಪ್ ಮಾಡಿದ ಕನ್ನಡ ಡಾಕ್ ಫೈಲಿನಲ್ಲೂ ಯೂನಿಕೋಡಾಗಿಯೇ ಉಳಿಯುತ್ತದೆ. ವರ್ಡ್ 97ರಿಂದೀಚಿನ ಡಾಕ್ ರೂಪಕ್ಕೆ ಅದನ್ನು ಹಿಡಿದಿಡುವ ಶಕ್ತಿಯಿದೆ. ಅಕ್ಷರ ಕೆಡುವುದು ಫೈಲಿನಲ್ಲಿ ಅಲ್ಲ, ತೆರೆಯ ಮೇಲೆ. ಎಕ್ಸ್‌ಪಿಯ ಜೊತೆ ತುಂಗಾ ಎಂಬ ಕನ್ನಡ ಫಾಂಟ್ ಬರುತ್ತದೆಯಾದರೂ, ಪ್ರಾದೇಶಿಕ ಮತ್ತು ಭಾಷಾ ಆಯ್ಕೆಗಳಲ್ಲಿ ಸಂಕೀರ್ಣ ಲಿಪಿಗಳ ಬೆಂಬಲಕ್ಕೆ ಗುರುತು ಹಾಕಿ ಸೇರಿಸಿಕೊಂಡಿರದಿದ್ದರೆ ಒತ್ತಕ್ಷರಗಳು ಕೆಳಗಿಳಿಯದೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ಇನ್ನು ಉಬುಂಟುವಿನ ಗುಬ್ಬಿ, ನವಿಲು ಫಾಂಟುಗಳಲ್ಲಿ ಮಾಡಿದ ಫೈಲು ಅಲ್ಲಿಗೆ ಹೋದರೆ, ಫೈಲಿನಲ್ಲಿರುವುದು ಫಾಂಟಿನ ಹೆಸರು ಮಾತ್ರ, ಫಾಂಟ್ ಅಲ್ಲ. ಅಲ್ಲಿ ಅದು ಇಲ್ಲದಿದ್ದರೆ ಅಕ್ಷರದ ಬದಲು ಚೌಕಗಳು ಬರಬಹುದು. ಪರಿವರ್ತನೆಗೆ ಮುಂಚೆ ಕನ್ನಡ ಭಾಗಕ್ಕೆ ತುಂಗಾ ಎಂದು ಹೆಸರು ಹಾಕಿಡುವುದು ಸುಲಭದ ಉಪಾಯ.

ಪರೀಕ್ಷೆಗೆ ನಮ್ಮ ಊರುಗಳ ಹೆಸರುಗಳೇ ಸಾಕು. ‘ಕಮಲಾಪುರ’, ‘ವಿಜಯನಗರ’ ಬರೆದು ನೋಡಿದರೆ ಎಲ್ಲ ಸರಿಯಿದೆ ಎಂದೇ ಅನಿಸುತ್ತದೆ, ಯಾಕೆಂದರೆ ಅವುಗಳಲ್ಲಿ ಒತ್ತಕ್ಷರವಿಲ್ಲ. ‘ಕಂಪ್ಲಿ’, ‘ಮರಿಯಮ್ಮನಹಳ್ಳಿ’, ‘ತೋರಣಗಲ್ಲು’, ‘ವ್ಯಾಸನಕೆರೆ’, ‘ತುಂಗಭದ್ರಾ’ ಬರೆಸಿ. ಅರ್ಕಾವತ್ತಿಗೆ ‘ಕರ್ನಾಟಕ’ ಇದ್ದೇ ಇದೆ. ಇವಿಷ್ಟನ್ನೂ ಒಂದು ಪುಟದಲ್ಲಿ ಟೈಪ್ ಮಾಡಿದ ಪರೀಕ್ಷಾ ಫೈಲನ್ನು ಮೊದಲು ಶಾಲೆಗೆ ಕಳಿಸಿ, ಅಲ್ಲಿಯ ತೆರೆಯ ಫೋಟೋ ತರಿಸಿಕೊಂಡ ಮೇಲೆ ಉಳಿದವುಗಳ ಮಾತು.

ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲುಗಳ ಕತೆ ತಿರುಗುಮುರುಗು. ಅವುಗಳಲ್ಲಿ ‘ಕ’ ಎಂದು ಕಾಣುವ ಜಾಗದಲ್ಲಿ ನಿಜವಾಗಿ ಇರುವುದು ಇಂಗ್ಲಿಷಿನ ‘ಪಿ’ ಮತ್ತು ತಲೆಯ ಮೇಲೆ ಗುರುತಿರುವ ಒಂದು ‘ಎ’. ನಮ್ಮ ಲ್ಯಾಬಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ಪುಟ ತುಂಬ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಅದನ್ನು ಕಂಡು ಫೈಲು ಕೆಟ್ಟಿದೆ ಎಂದು ತಿದ್ದಲು ಹೋಗಬಾರದು. ತಾನಾಗಿ ದೊಡ್ಡಕ್ಷರ ಮಾಡುವ ಸೌಲಭ್ಯ ಅಲ್ಲೊಂದು ಸಣ್ಣಕ್ಷರವನ್ನು ದೊಡ್ಡದು ಮಾಡಿದರೆ ಕನ್ನಡದಲ್ಲಿ ಬೇರೆಯದೇ ಅಕ್ಷರವಾಗಿ ಹೊರಬರುತ್ತದೆ. ಮುಟ್ಟದೆ ಆಜ್ಞೆಗೆ ಕೊಟ್ಟರೆ ಅದು ಇದ್ದ ಹಾಗೇ ಡಾಕ್ ಆಗಿ, ನುಡಿ ಇರುವ ಶಾಲೆಯ ಹಳೆಯ ಯಂತ್ರದಲ್ಲಿ ಚೆಂದವಾಗಿ ತೆರೆಯುತ್ತದೆ. ಯೂನಿಕೋಡೇ ಮುಂದಿನ ದಾರಿ ಎಂದು ನಾವು ಹೇಳುವುದು ಸರಿಯೇ. ಆದರೂ ಹಳೆಯ ಯಂತ್ರದಲ್ಲಿ ಹಳೆಯ ಫೈಲೇ ಗೆಲ್ಲುವ ಈ ಸಂಗತಿಯನ್ನು ತರಗತಿಯಲ್ಲಿ ಮುಚ್ಚಿಡುವ ಅಗತ್ಯವಿಲ್ಲ.

ಕನ್ನಡದ ಆಚೆಗೆ ಗಮನಿಸಬೇಕಾದದ್ದು ಗಣಿತ. ವರ್ಡಿನಲ್ಲಿ ಬರೆದ ಸಮೀಕರಣಗಳನ್ನು 97–2003 ರೂಪಕ್ಕೆ ಉಳಿಸಿದಾಗ ವರ್ಡ್ ಅವನ್ನು ಚಿತ್ರಗಳಾಗಿ ಮಾಡಿಬಿಡುತ್ತದೆ, ನೋಡಬಹುದು, ತಿದ್ದಲಾಗದು. ಸ್ಮಾರ್ಟ್‌ಆರ್ಟಿನ ಪರಿಕಲ್ಪನಾ ನಕ್ಷೆಗಳಿಗೂ ಇದೇ ಗತಿ. ಲಿಬ್ರೆಆಫೀಸ್ ಇವನ್ನು ಬೇರೆ ರೀತಿಯಲ್ಲಿ ಸಾಗಿಸುತ್ತದೆಯಾದರೂ ಗಣಿತದ ಯೋಜನೆಗಳನ್ನು ಬೇರೆ ಫೋಲ್ಡರಿನಲ್ಲಿಟ್ಟು, ಒಂದೊಂದನ್ನೂ ತೆರೆದು ನೋಡಿಯೇ ಕೊಡಬೇಕು.

ಪರಿಶೀಲನೆ

ಮೊದಲು ಎಣಿಕೆ. ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು? ವ್ಯತ್ಯಾಸ ಬಂದರೆ ಕಾರಣ ಸಾಮಾನ್ಯವಾಗಿ ಎರಡು. ಹೆಸರಿನ ಕೊನೆಯ ಡಾಕ್ಸ್ ದೊಡ್ಡಕ್ಷರದಲ್ಲಿದ್ದರೆ ಉಬುಂಟು ಅದನ್ನು ನಕ್ಷತ್ರದ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇನ್ನೊಂದು, ವರ್ಡ್ ಬಿಟ್ಟುಹೋದ ಅಲೆಗುರುತಿನ ತಾತ್ಕಾಲಿಕ ಫೈಲುಗಳು. 162 ಬೈಟಿನ ಇವುಗಳಲ್ಲಿ ಪಾಠವೇನೂ ಇರುವುದಿಲ್ಲ, ಮೊದಲೇ ತೆಗೆದುಹಾಕಬೇಕು. ಎಣಿಕೆ ಸರಿಹೋದ ಮೇಲೆ ಅತಿ ದೊಡ್ಡ ಫೈಲು, ಅತಿ ಚಿಕ್ಕ ಫೈಲು, ಕೋಷ್ಟಕ ಹೆಚ್ಚಿರುವ ಒಂದು ಫೈಲು ಈ ಮೂರನ್ನು ಹಳೆಯ ಯಂತ್ರದಲ್ಲಿ ತೆರೆದು ಮೂಲದ ಪಕ್ಕದಲ್ಲಿಟ್ಟು ಓದಬೇಕು.

ವಿಸ್ತರಣೆ: ಎಲ್ಲಕ್ಕೂ ಮಾಡಬಹುದಾದದ್ದು, ಮಾಡಬಾರದ್ದು

2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಹೊಸಪೇಟೆ ಅದರ ಕೇಂದ್ರವಾಯಿತು. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಹಿರಿಯರಿಂದ ಕಿರಿಯರಿಗೆ ಕೈದಾಟಿ ಬಂದ ಪಾಠಯೋಜನೆಯ ನಮೂನೆಗಳಲ್ಲಿ ಹೊಸಪೇಟೆಯ ಶಾಲೆಗೂ ‘ಬಳ್ಳಾರಿ ಜಿಲ್ಲೆ’ ಎಂದೇ ಇರುವುದುಂಟು. ‘ಇದನ್ನೂ ಒಂದೇ ಏಟಿಗೆ ಎಲ್ಲಾ ಫೈಲಿನಾಗೂ ಬದಲಿ ಮಾಡಬಹುದಲ್ರೀ?’ ಎಂಬ ಪ್ರಶ್ನೆ ತರಗತಿಯಿಂದ ಬಂದರೆ ಪಾಠ ಗೆದ್ದಂತೆ. ಬರದಿದ್ದರೆ ನೀವೇ ಹಾಕಿ. ಉತ್ತರ ಹೇಳದೆ ಗುಂಪುಗಳಲ್ಲಿ ಚರ್ಚೆಗೆ ಬಿಡಿ. ಸಂಡೂರು, ಕಂಪ್ಲಿಯ ಯೋಜನೆಗಳು ತಪ್ಪಾಗುತ್ತವೆ ಎಂಬುದನ್ನು ಬೇಗ ಹಿಡಿಯುತ್ತಾರೆ. ಹೊಸಪೇಟೆಯ ಫೋಲ್ಡರಿಗೆ ಮಾತ್ರ ಮಾಡೋಣ ಎನ್ನುತ್ತಾರೆ. ಆಗ ಇತಿಹಾಸದ ಯೋಜನೆಯೊಂದನ್ನು ತೆರೆದು ತೋರಿಸಿ: ‘ಬಳ್ಳಾರಿ ಕೋಟೆ’ ‘ವಿಜಯನಗರ ಕೋಟೆ’ ಆಗಿಬಿಟ್ಟಿರುತ್ತದೆ. ರೂಪ ಬದಲಿಸುವಾಗ ಯಂತ್ರಕ್ಕೆ ಅರ್ಥ ತಿಳಿದಿರಬೇಕಾಗಿಲ್ಲ. ಪದ ಬದಲಿಸುವಾಗ ಯಾರಾದರೂ ಓದಲೇಬೇಕು. ಈ ವ್ಯತ್ಯಾಸವನ್ನು ಪ್ರಶಿಕ್ಷಣಾರ್ಥಿಗಳು ತಮ್ಮ ಮಾತಿನಲ್ಲಿ ಬರೆಯುವವರೆಗೆ ಮುಂದೆ ಹೋಗಬೇಡಿ.

ಪಾಠ ವೀಕ್ಷಿಸುವವರಿಗೆ

ಆಜ್ಞೆ ಬಾಯಿಪಾಠವಾಯಿತೇ ಎಂದು ನೋಡಬೇಡಿ. ಅದು ಕಾಗದದ ಮೇಲಿದ್ದರೂ ಸಾಕು. ಆಜ್ಞೆ ಒತ್ತುವ ಮುಂಚೆ ಪ್ರಶಿಕ್ಷಣಾರ್ಥಿ ಮೂಲ ಫೈಲುಗಳ ಪ್ರತಿಯನ್ನು ಬೇರೆ ಇಟ್ಟರೇ, ಏನು ಕೆಡಬಹುದೆಂದು ಮೊದಲೇ ಹೇಳಿದರೇ, ಮುಗಿದ ಮೇಲೆ ಎಣಿಸಿದರೇ ಎಂಬ ಮೂರನ್ನು ವೀಕ್ಷಣಾ ಪುಸ್ತಕದಲ್ಲಿ ಗುರುತಿಸಿ. ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಕೊಡಬಹುದು: ‘40 ಡಾಕ್ಸ್ ಫೈಲುಗಳನ್ನು ಪರಿವರ್ತಿಸಿದಾಗ 37 ಡಾಕ್ ಫೈಲುಗಳು ಬಂದಿವೆ. ಉಳಿದ ಮೂರಕ್ಕೆ ಏನಾಗಿರಬಹುದು? ಯಾವ ಕ್ರಮದಲ್ಲಿ ಹುಡುಕುತ್ತೀರಿ?’

ಶಾಲೆಗೆ ಹೋಗುವ ಪೆನ್‌ಡ್ರೈವಿನಲ್ಲಿ ಡಾಕ್ ಫೈಲುಗಳ ಜೊತೆ ಮೂಲ ಡಾಕ್ಸ್ ಫೈಲುಗಳ ಫೋಲ್ಡರೂ ಇರಲಿ, ಶಾಲೆಗೆ ನಾಳೆ ಹೊಸ ಕಂಪ್ಯೂಟರ್ ಬಂದೀತು. ಯಾವ ಫೈಲಿನಲ್ಲಿ ಸಮೀಕರಣ ಚಿತ್ರವಾಗಿದೆ, ಯಾವುದಕ್ಕೆ ನುಡಿ ಫಾಂಟ್ ಬೇಕು ಎಂದು ಬರೆದ ಒಂದು ಹಾಳೆಯನ್ನು ಅಚ್ಚು ಹಾಕಿಸಿ ವಿಷಯ ಶಿಕ್ಷಕರ ಕೈಗೇ ಕೊಡಬೇಕು. ಅದನ್ನೂ ಪೆನ್‌ಡ್ರೈವಿನಲ್ಲೇ ಹಾಕಿದರೆ, ತೆರೆಯದ ಫೈಲುಗಳ ಸಾಲಿಗೆ ಅದೂ ಒಂದು ಸೇರಬಹುದು.