ಬೆರಳು ಹಿಂಡಬೇಡ ತಂಗೀ

ತಂಗೀ, ನಿನ್ನನ್ನು ಕಪನೂರಿಗೆ ಸಿಸ್ಟರ್ ಆಗಿ ಹಾಕಿದ್ದಾರೆಂದು ಕೇಳಿ ಖುಷಿಯಾಯಿತು. ಅಂಗನವಾಡಿಯಲ್ಲಿ ಕೂಸುಗಳ ಹಿಮೋಗ್ಲೋಬಿನ್ ನೋಡುವ ದಿನ ನಿನಗೆ ಮೊದಲು ಕೇಳಿಬರುವುದು ಕೂಸಿನ ಆಯಿಯ ಮಾತು: "ನಮ್ಮ ಕೂಸು ಆಡಿಕೊಂಡದ ನೋಡ್ರಿ, ಅದಕ್ಕೇನಾಗ್ಯಾದ?" ಆಯಿ ಹೇಳುವುದು ಸುಳ್ಳಲ್ಲ. ರಕ್ತ ನಿಧಾನಕ್ಕೆ ಇಳಿದರೆ ಮೈ ಅದಕ್ಕೆ ಒಗ್ಗಿಕೊಳ್ಳುತ್ತದೆ, ಕೂಸು ಓಡಾಡುತ್ತಲೇ ಇರುತ್ತದೆ. ಕಣ್ಣಿನ ರೆಪ್ಪೆ ಎಳೆದು ನೋಡಿ ತೀರ್ಮಾನ ಹೇಳಬೇಡ. ಹಿಮೋಗ್ಲೋಬಿನ್ 10 ಗ್ರಾಂ ಇರುವ ಕೂಸಿನ ರೆಪ್ಪೆಯೂ ಎಷ್ಟೋ ಸಲ ಕೆಂಪಗೇ ಕಾಣುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇತ್ತು. ಹೀಗಿರುವಾಗ ಬಿಳಿಚಿದ ಕೂಸನ್ನಷ್ಟೇ ಆರಿಸಿ ಚುಚ್ಚಿದರೆ ಏನು ಬಂತು? ಮಿದುಳು ಭರದಿಂದ ಬೆಳೆಯುವ ಮೊದಲೆರಡು ವರ್ಷದಲ್ಲಿ ಕಬ್ಬಿಣಾಂಶ ಕಡಿಮೆಯಾದರೆ ಆಮೇಲೆ ಆ ನಷ್ಟ ಪೂರ್ತಿ ತುಂಬಿಕೊಡಲು ಆಗುತ್ತದೆಂಬ ಭರವಸೆ ಇಲ್ಲ.

ಕೂಸನ್ನು ಅವ್ವನ ತೊಡೆಯ ಮೇಲೆಯೇ ಕೂಡಿಸು. ಕೈ ತಣ್ಣಗಿದ್ದರೆ ನಿನ್ನ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡು. ಉಂಗುರ ಬೆರಳಿನ ತುದಿಯ ನಟ್ಟನಡುವೆ ಬೇಡ, ತುಸು ಪಕ್ಕಕ್ಕೆ ಚುಚ್ಚು. ಚುಚ್ಚುವ ಮೊದಲು ಸ್ಪಿರಿಟ್ ಒಣಗುವ ತನಕ ತಡಿ. ಮೊದಲ ಹನಿ ಒರೆಸಿಬಿಡು, ಆಮೇಲೆ ತಾನಾಗಿ ಮೂಡಿದ್ದನ್ನು ಸ್ಟ್ರಿಪ್ಪಿಗೆ ಹಿಡಿ. ಬೆರಳು ಹಿಂಡಿದೆಯೋ, ಮಾಂಸದೊಳಗಿನ ನೀರೂ ಬೆರೆತು ಲೆಕ್ಕ ಕೆಡುತ್ತದೆ. ಕ್ಯಾಂಪಿನ ದಿನ ರಿಜಿಸ್ಟರ್ ತುಂಬಿಸುವ ಅವಸರ ನನಗಂತೂ ಎಂದೂ ಹಿಡಿಸಲಿಲ್ಲ.

ಇನ್ನು ಊಟ. ಬೇಳೆ ಮಿಲ್ಲುಗಳಿರುವ ಊರದು, ಆದರೂ ಕೂಸಿನ ತಾಟಿಗೆ ಬೇಳೆಯ ಮೇಲಿನ ತಿಳಿಯಷ್ಟೇ ಬಿದ್ದಿರುತ್ತದೆ. ಜೊತೆಗೆ ಚಹಾದಲ್ಲಿ ಅದ್ದಿದ ಬಿಸ್ಕೀಟು. ಚಹಾ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಬರೀ ಹಾಲಿನ ಮೇಲೆಯೇ ಬೆಳೆದ ಕೂಸಿಗೂ ಕಬ್ಬಿಣಾಂಶ ಸಾಲದು. ತಳದ ಗಟ್ಟಿ ಬೇಳೆಯಲ್ಲಿ ರೊಟ್ಟಿ ನುರಿದು, ಮೇಲೆ ಲಿಂಬಿ ಹಿಂಡಿ ತಿನಿಸಲು ಹೇಳು. ತತ್ತಿ ತಿನ್ನುವ ಮನೆಯಾದರೆ ತತ್ತಿ ಕೊಡಲಿ. ಆದರೆ ರಕ್ತ ಆಗಲೇ ಇಳಿದಿದ್ದರೆ ಊಟ ಒಂದರಿಂದಲೇ ಅದು ಏರುವುದಿಲ್ಲ.

ರಕ್ತ ಸರಿಯಿದ್ದ ಕೂಸಿಗೆ ವಾರಕ್ಕೆ ಎರಡು ಸಲ 1 ಮಿ.ಲೀ. ಸಿರಪ್, ಅದರಲ್ಲಿ 20 ಮಿ.ಗ್ರಾಂ ಕಬ್ಬಿಣಾಂಶ. ಕಡಿಮೆ ಬಂದ ಕೂಸಿಗೆ ವೈದ್ಯರು ತೂಕ ನೋಡಿ ಬರೆದಷ್ಟು, ದಿನಾ ಕೊಡಬೇಕು. ಔಷಧ ಶುರುವಾದ ಮೇಲೆ ಕೂಸಿನ ಮಲ ಕಪ್ಪಗಾಗುತ್ತದೆ, ಮನೆಯವರು ಗಾಬರಿಯಾಗಿ ಬಾಟಲಿ ಮಾಡದಲ್ಲಿಟ್ಟು ಮರೆಯುತ್ತಾರೆ. ಈ ಮಾತನ್ನು ಬಾಟಲಿ ಕೈಗೆ ಕೊಡುವ ಮೊದಲೇ ಹೇಳು. ಬಾಟಲಿ ಎತ್ತರದಲ್ಲಿರಲಿ ಎಂಬುದನ್ನೂ ಹೇಳು, ಕೂಸು ಒಮ್ಮೆಗೇ ಕುಡಿದರೆ ಅದು ವಿಷ.

ತಿಂಗಳಿಗೆ ಮತ್ತೆ ಅದೇ ಮನೆಗೆ ಹೋಗು. ಮಿಲ್ಲಿಗೆ ಕೂಲಿಗೆ ಹೋಗುವ ತಾಯಂದಿರು ಮುಂಜಾನೆ ಸಿಗುವುದಿಲ್ಲ, ಸಂಜೆ ಹೋಗು. ಔಷಧ ಸರಿಯಾಗಿ ಕೊಟ್ಟಿದ್ದೂ ಒಂದು ಗ್ರಾಂ ಏರಿಲ್ಲವೆಂದರೆ ಕಾರಣ ಬೇರೆ ಇರಬಹುದು, ಜಿಮ್ಸ್ ಆಸ್ಪತ್ರೆಗೆ ಚೀಟಿ ಬರೆದುಕೊಡು. 7 ಗ್ರಾಂಗಿಂತ ಕೆಳಗಿದ್ದರಂತೂ ಅದೇ ದಿನ ಕಳಿಸು.

ಅಲ್ಲೇ ಕೂತಿರುವ ಅವ್ವನ ಬೆರಳನ್ನೂ ನೋಡಿಬಿಡು. ಕೂಸಿನ ರಕ್ತ ಕಡಿಮೆಯಿದ್ದ ಮನೆಯಲ್ಲಿ ಅವಳದೂ ಬಹಳ ಸಲ ಕಡಿಮೆಯೇ ಇರುತ್ತದೆ, ಅವಳನ್ನು ಮಾತ್ರ ಯಾರೂ ಕೇಳಿರುವುದಿಲ್ಲ.