ಆ ಹಣ್ಣು ಸಾರಿಗೆ ಹೋಗದಿರಲಿ

ನಾಟಿ ಟೊಮೇಟೊ ಬೆಳೆಸ್ತೀನಿ ಅಂತ ಹೊರಟಿದ್ದೀಯಲ್ಲ ಮಗಾ, ಸಂತೋಷ. ಆದರೆ ಬೀಜ ಹಾಕಿದ ಮರುದಿನವೇ ಮಣ್ಣು ಕೆದಕಿ ನೋಡೋ ಜಾತಿ ನಿನ್ನದು. ಒಂದು ವಾರ ಕೈ ಕಟ್ಟಿ ಕೂತಿರು, ತಾನಾಗೇ ತಲೆ ಎತ್ತುತ್ತೆ.

ಮೊದಲು ಹೇಳು, ಬೀಜ ಎಲ್ಲಿಂದ ತಂದೆ? ಅಂಗಡಿ ಹಣ್ಣು ಹಿಂಡಿ ತೆಗೆದದ್ದಾದರೆ ಬೇಡ. ಅವು ಬಹುಪಾಲು ಹೈಬ್ರಿಡ್. ಅದರ ಬೀಜ ಹಾಕಿದರೆ ಒಂದು ಗಿಡದ ಹಣ್ಣಿಗೂ ಇನ್ನೊಂದರದ್ದಕ್ಕೂ ಹೋಲಿಕೆ ಇರಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಕೂಡ ಹೈಬ್ರಿಡ್ಡೇ. ಮೂರು ರೋಗ ತಡೆಯೋ ಗಟ್ಟಿಗ, ಬೈಯೋಕೆ ನನಗೆ ಬಾಯಿಲ್ಲ. ಆದರೆ ಬೀಜಕ್ಕೆ ಪ್ರತಿ ಸಲ ದುಡ್ಡು ಬಿಚ್ಚಬೇಕು. ನಾಟಿ ಗಿಡ ಹೆಚ್ಚಾಗಿ ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟುತ್ತೆ. ತಾಯಿಯಂತೆ ಮಗಳು.

ಸಸಿಗೆ ನಾಲ್ಕೈದು ಎಲೆ ಬಂದ ಮೇಲೆ ಕಿತ್ತು ನೆಡು. ಕಾಂಡವನ್ನು ಸ್ವಲ್ಪ ಆಳಕ್ಕೇ ಹೂಳು, ಅಲ್ಲೂ ಬೇರು ಬಿಡುತ್ತೆ. ನಾಲ್ಕು ದಿನ ಒಣಗಿಸಿ ಐದನೇ ದಿನ ಕೊಡಗಟ್ಟಲೆ ನೀರು ಸುರೀಬೇಡ, ಹಣ್ಣು ಬಿರಿಯುತ್ತೆ. ಕೋಲು ಕೊಡೋದು ಮರೀಬೇಡ. ಅಷ್ಟೇ, ಉಳಿದದ್ದು ಗಿಡಕ್ಕೆ ಗೊತ್ತು.

ನಿನಗೆ ಕಷ್ಟವಾಗೋದು ಆಮೇಲೆ. ಬೀಜಕ್ಕೆ ಹಣ್ಣು ಆರಿಸುವಾಗ ಹಣ್ಣು ನೋಡಬೇಡ, ಗಿಡ ನೋಡು. ಎಲೆ ಮುದುರಿದ ಗಿಡದಲ್ಲಿ ಎಷ್ಟೇ ಚೆಂದದ ಹಣ್ಣಿದ್ದರೂ ಬೇಡ. ಗಟ್ಟಿಮುಟ್ಟಾದ ಗಿಡದಲ್ಲಿ ಒಳ್ಳೇ ಹಣ್ಣೊಂದಕ್ಕೆ ದಾರ ಕಟ್ಟಿ, ಗಿಡದಲ್ಲೇ ಮೆತ್ತಗಾಗೋವರೆಗೆ ಬಿಡು. ಮನೆಮಂದಿಗೆಲ್ಲ ಹೇಳಿಡು, ಇಲ್ಲದಿದ್ದರೆ ಸಂಜೆ ಸಾರಿನಲ್ಲಿ ತೇಲುತ್ತೆ. ನೀನೇ ಕಿತ್ತು ಉಪ್ಪು ಖಾರ ಹಚ್ಚಿ ತಿಂದರೂ ನನಗೇನೂ ಆಶ್ಚರ್ಯವಿಲ್ಲ.

ಹಣ್ಣು ಉಳಿದರೆ, ಅದರ ತಿರುಳನ್ನು ಬೀಜದ ಸಮೇತ ಲೋಟಕ್ಕೆ ಹಿಂಡಿ, ಒಂದಿಷ್ಟು ನೀರು ಬೆರೆಸಿ, ಎರಡು ಮೂರು ದಿನ ನೆರಳಲ್ಲಿಡು. ನಾರುತ್ತೆ, ಮೇಲೆ ಬಿಳಿ ಪೊರೆ ಕಟ್ಟುತ್ತೆ. ಕೊಳೆತುಹೋಯ್ತು ಅಂತ ಚೆಲ್ಲೀಯ! ಬೀಜದ ಸುತ್ತಿನ ಲೋಳೆ ಕಳಚೋದೇ ಹಾಗೆ, ಆ ಲೋಳೆ ಇದ್ದರೆ ಮೊಳಕೆಗೆ ಅಡ್ಡಿ. ಹಾಗಂತ ವಾರಗಟ್ಟಲೆ ಮರೆತರೆ ಲೋಟದಲ್ಲೇ ಮೊಳೆತುಬಿಡುತ್ತೆ. ತೊಳೆಯುವಾಗ ಜೊಳ್ಳು ತೇಲುತ್ತೆ, ಗಟ್ಟಿ ಬೀಜ ತಳ ಹಿಡಿಯುತ್ತೆ. ತಟ್ಟೆಯಲ್ಲಿ ಹರವಿ ನೆರಳಲ್ಲೇ ಒಣಗಿಸು. ಕಾಗದದ ಮೇಲೆ ಹರವಿದರೆ ಅಂಟಿಕೊಂಡು ಬಿಡಿಸೋಕೆ ಬರಲ್ಲ.

ಪೊಟ್ಟಣದ ಮೇಲೆ ಹೆಸರು, ವರ್ಷ ಬರೆ. ನೆನಪಿರುತ್ತೆ ಅನ್ನಬೇಡ, ನಿನ್ನ ನೆನಪು ನನಗೆ ಗೊತ್ತು. ಅರ್ಧ ಬೀಜ ಪಕ್ಕದ ಮನೆಯವರಿಗೆ ಕೊಡು. ನಾಳೆ ನಿನ್ನ ಡಬ್ಬಿಗೆ ಇಲಿ ನುಗ್ಗಿದರೆ ಹೋಗಿ ಕೇಳೋಕೆ ಮುಖ ಇರುತ್ತೆ.