ಭಯವೂ ಅಪಾಯವೂ



2020ನೆಯ ಇಸವಿಯ ಬೇಸಗೆಯನ್ನು ನಾವು ಮರೆಯಲಾರೆವು. ಕೊರೋನಾ ಜಾಡ್ಯದ ದೆಸೆಯಿಂದ ಮಾರ್ಚ್ ತಿಂಗಳ ಕೊನೆಯಲ್ಲಿ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿತು. ನೀವು ಆಗ ತೀರ ಚಿಕ್ಕವರು. ಲೋಕಲ್ ರೈಲುಗಳ ಸದ್ದಿಲ್ಲದ ಮುಂಬಯಿ ಹೇಗಿತ್ತೆಂಬುದನ್ನು ಮನೆಯ ಹಿರಿಯರಿಂದ ಕೇಳಿ ತಿಳಿದಿರಬಹುದು. ಕೆಲಸವಿಲ್ಲದೆ, ಬಾಡಿಗೆ ಕೊಡಲಾರದೆ, ಎಷ್ಟೋ ಕನ್ನಡ ಕುಟುಂಬಗಳು ಊರಿನ ದಾರಿ ಹಿಡಿದುವು. ಅಲ್ಲಿ ಕೆಲವರಿಗಾದ ಅನುಭವ ಕಹಿಯಾದುದು. ಪ್ರತ್ಯೇಕವಾಸದ ಅವಧಿಯನ್ನು ಮುಗಿಸಿ, ಪರೀಕ್ಷೆಯಲ್ಲಿ ರೋಗವಿಲ್ಲವೆಂದು ತಿಳಿದುಬಂದ ಮೇಲೂ “ಮುಂಬಯಿಯಿಂದ ಬಂದವರು” ಎಂಬ ಮಾತು ಅವರ ಬೆನ್ನು ಬಿಡಲಿಲ್ಲ.

ಊರವರ ಭಯ ಆಧಾರವಿಲ್ಲದುದೆ? ಹಾಗೆನ್ನಲಾಗದು. ಆ ಮೇ ತಿಂಗಳಲ್ಲಿ ಕರ್ನಾಟಕದಲ್ಲಿ ಹೊಸದಾಗಿ ಕಂಡುಬಂದ ರೋಗಿಗಳಲ್ಲಿ ಬಹುಮಂದಿ ಮಹಾರಾಷ್ಟ್ರದಿಂದ ಮರಳಿದವರೇ ಆಗಿದ್ದರು. ಆದರೆ “ರೋಗಿಗಳಲ್ಲಿ ಬಹುಮಂದಿ ಮರಳಿದವರು” ಎಂಬುದೂ “ಮರಳಿದವರಲ್ಲಿ ಬಹುಮಂದಿ ರೋಗಿಗಳು” ಎಂಬುದೂ ಒಂದೇ ಮಾತಲ್ಲ. ಹಲಸೆಲ್ಲ ಮರವೆಂದ ಮಾತ್ರಕ್ಕೆ ಮರವೆಲ್ಲ ಹಲಸಾಗುವುದುಂಟೆ? ಮೊದಲ ಮಾತು ನಿಜ, ಎರಡನೆಯದು ಸುಳ್ಳು. ಮೊದಲನೆಯದನ್ನು ಕೇಳಿದ ಜನ ಎರಡನೆಯದನ್ನು ನಂಬಿದರು.

ಭಯ ನಮ್ಮ ಮನಸ್ಸಿನಲ್ಲಿರುವುದು. ಅಪಾಯ ಹೊರಗೆ ಲೋಕದಲ್ಲಿರುವುದು. ಒಂದು ಹೆಚ್ಚಿದಂತೆ ಇನ್ನೊಂದೂ ಹೆಚ್ಚಬೇಕೆಂಬ ನಿಯಮವಿಲ್ಲ. ಹೊಸದಾದ, ಕಣ್ಣಿಗೆ ಕಾಣದ, ಎಲ್ಲರ ಬಾಯಲ್ಲಿರುವ ಅಪಾಯ ಇದ್ದುದಕ್ಕಿಂತ ದೊಡ್ಡದಾಗಿ ತೋರುವುದು. ನಿತ್ಯದ ಅಪಾಯವಾದರೋ ಕಣ್ಣಿಗೇ ಬೀಳದು. 2023ರಲ್ಲಿ ಮುಂಬಯಿಯ ಉಪನಗರ ರೈಲುಮಾರ್ಗಗಳಲ್ಲಿ 2000ಕ್ಕೂ ಹೆಚ್ಚು ಜನ ಸತ್ತರು. ಹಳಿ ದಾಟುವಾಗ ಸತ್ತವರೇ ಅವರಲ್ಲಿ ಅನೇಕರು. ಪಕ್ಕದವನು ಕೆಮ್ಮಿದರೆ ಬೆಚ್ಚುವ ನಾವು, ಸೇತುವೆ ಹತ್ತುವ ಬೇಸರಕ್ಕೆ ಹಳಿ ದಾಟುತ್ತೇವೆ!

ಹಾಗಾದರೆ ಅಪಾಯವನ್ನು ಅಳೆಯುವ ಬಗೆ ಯಾವುದು? ಇದಕ್ಕೆ ನಮ್ಮ ಪಟ್ಟಣದ ಚರಿತ್ರೆಯೇ ಒಳ್ಳೆಯ ಪಾಠಪುಸ್ತಕ.

1896ರ ಸೆಪ್ಟೆಂಬರಿನಲ್ಲಿ ಮಾಂಡವಿಯ ಓಣಿಗಳಲ್ಲಿ ಹಬ್ಬಿದ್ದ ಜ್ವರವನ್ನು ಡಾಕ್ಟರ್ ಅಕಾಸಿಯೊ ವಿಯೇಗಸ್ ಎಂಬವರು ಪ್ಲೇಗೆಂದು ಗುರುತಿಸಿದರು. ಸರಕಾರವು ಮನೆ ಮನೆ ಹೊಕ್ಕು, ರೋಗಿಗಳನ್ನು ಬಲಾತ್ಕಾರವಾಗಿ ಆಸ್ಪತ್ರೆಗೆ ಸಾಗಿಸತೊಡಗಿತು. ಆಸ್ಪತ್ರೆಯಲ್ಲಿ ಬೇಕೆಂದೇ ಜನರನ್ನು ಕೊಲ್ಲುತ್ತಾರೆಂಬ ವದಂತಿ ಹುಟ್ಟಿತು. ಅಕ್ಟೋಬರಿನಲ್ಲಿ ಗಿರಣಿ ಕೆಲಸಗಾರರ ದೊಡ್ಡ ಗುಂಪೊಂದು ಆರ್ಥರ್ ರೋಡಿನ ಆಸ್ಪತ್ರೆಯ ಮೇಲೆ ಕಲ್ಲು ದೊಣ್ಣೆಗಳೊಡನೆ ಏರಿಹೋಯಿತು. ಲಕ್ಷಗಟ್ಟಲೆ ಜನ ಪಟ್ಟಣ ಬಿಟ್ಟು ಓಡಿದರು. ಜನರೊಡನೆ, ಸರಕಿನೊಡನೆ ಪ್ಲೇಗೂ ರೈಲು ಹತ್ತಿತು. 1898ರಲ್ಲಿ ಬೆಂಗಳೂರನ್ನು ಮುಟ್ಟಿತು.

ಆ ಕೆಲಸಗಾರರನ್ನು ಮೂಢರೆಂದು ಜರೆಯುವುದು ಸುಲಭ, ಆದರೆ ನ್ಯಾಯವಲ್ಲ. ಆಸ್ಪತ್ರೆಗೆ ಹೋದವರಲ್ಲಿ ಹೆಚ್ಚಿನವರು ಹಿಂತಿರುಗದಿದ್ದುದು ಅವರು ಕಣ್ಣಾರೆ ಕಂಡ ಸಂಗತಿ. ಆದರೆ ಅಲ್ಲಿಗೆ ಒಯ್ಯುತ್ತಿದ್ದುದು ಪ್ಲೇಗು ಹತ್ತಿದವರನ್ನೇ. ಆಗ ಆ ರೋಗಕ್ಕೆ ಮದ್ದಿರಲಿಲ್ಲ. ಮನೆಯಲ್ಲೇ ಉಳಿದ ರೋಗಿಗಳೂ ಹಾಗೆಯೇ ಸಾಯುತ್ತಿದ್ದರು. ಸಾವು ಆದ ಸ್ಥಳವನ್ನೇ ಸಾವಿನ ಕಾರಣವೆಂದು ಭಾವಿಸಿದುದು ಅವರ ತಪ್ಪು. ಕಾರಣವನ್ನು ತಿಳಿಯಹೇಳದೆ ಬಲವನ್ನು ತೋರಿಸಿದುದು ಸರಕಾರದ ತಪ್ಪು. ವಿಶ್ವಾಸವಿಲ್ಲದೆಡೆ ವದಂತಿ ಬಲು ಬೇಗ ಬೇರೂರುವುದು.

ಪ್ಲೇಗಿಗೆ ಚುಚ್ಚುಮದ್ದು ಸಿದ್ಧಪಡಿಸಲು ಮುಂಬಯಿಗೆ ಬಂದ ವಿಜ್ಞಾನಿ ವಾಲ್ಡಮಾರ್ ಹಾಫ್ಕಿನ್. 1897ರ ಜನವರಿ 10ರಂದು ಅವರು ಮೊದಲು ತಮಗೇ ಅದನ್ನು ಚುಚ್ಚಿಸಿಕೊಂಡರು. ಅದರಿಂದ ಮದ್ದು ಮಾರಕವಲ್ಲವೆಂಬುದು ಮಾತ್ರ ತಿಳಿಯಿತು. ರೋಗವನ್ನು ತಡೆಯುವುದೆಂಬುದು ತಿಳಿಯಲಿಲ್ಲ. ಅಷ್ಟರಲ್ಲಿ ಭಾಯಖಳಾ ಸೆರೆಮನೆಯಲ್ಲಿ ಪ್ಲೇಗು ಕಾಣಿಸಿತು. ಕೈದಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಚುಚ್ಚಿಸಿಕೊಂಡರು, ಉಳಿದವರು ಇಲ್ಲ. ಎರಡು ಗುಂಪಿಗೂ ಒಂದೇ ಗೋಡೆ, ಒಂದೇ ಊಟ. ಚುಚ್ಚಿಸಿಕೊಳ್ಳದವರಲ್ಲಿ 12 ಮಂದಿಗೆ ಪ್ಲೇಗು ತಗಲಿ 6 ಮಂದಿ ಸತ್ತರು. ಚುಚ್ಚಿಸಿಕೊಂಡವರಲ್ಲಿ 2 ಮಂದಿಗೆ ಮಾತ್ರ ತಗಲಿತು, ಯಾರೂ ಸಾಯಲಿಲ್ಲ. ಮದ್ದು ಪೂರ್ಣ ಕವಚವಲ್ಲ, ಆದರೂ ಕವಚವೇ ಎಂಬುದು ಈ ಹೋಲಿಕೆಯಿಂದ ಗೊತ್ತಾಯಿತು.

ಮುಂದೆ 1902ರಲ್ಲಿ ಪಂಜಾಬಿನ ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ ದುರಂತವೊಂದು ನಡೆಯಿತು. ಚುಚ್ಚುಮದ್ದು ಪಡೆದ 107 ಜನರಲ್ಲಿ 19 ಜನ ಧನುರ್ವಾಯುವಿನಿಂದ ಸತ್ತರು. ಮದ್ದೇ ವಿಷವೆಂದು ಕೂಗೆದ್ದಿತು. ಹಾಫ್ಕಿನರು ಅಪವಾದ ಹೊತ್ತು ಕೆಲಸ ಕಳೆದುಕೊಂಡರು. ಆದರೆ ಆ 19 ಜನರೂ ಒಂದೇ ಸೀಸೆಯ ಮದ್ದನ್ನು ಪಡೆದವರು. ಅದೇ ದಿನ ಬೇರೆ ಸೀಸೆಗಳಿಂದ ಪಡೆದವರಿಗೆ ಏನೂ ಆಗಲಿಲ್ಲ. ಮದ್ದೇ ವಿಷವಾಗಿದ್ದರೆ ಎಲ್ಲರಿಗೂ ಕೇಡಾಗಬೇಕಿತ್ತಲ್ಲವೆ? ಸೀಸೆಯನ್ನು ತೆರೆಯುವಾಗ ಇಕ್ಕುಳ ನೆಲಕ್ಕೆ ಬಿದ್ದಿತ್ತೆಂಬುದು ವಿಚಾರಣೆಯಲ್ಲಿ ತಿಳಿಯಿತು. 1907ರಲ್ಲಿ ಹಾಫ್ಕಿನರು ದೋಷಮುಕ್ತರಾದರು. ಪರೇಲಿನಲ್ಲಿರುವ ಸಂಸ್ಥೆಯು ಇಂದಿಗೂ ಅವರ ಹೆಸರನ್ನು ಹೊತ್ತಿದೆ. 19 ಸಾವುಗಳನ್ನು ಮುಚ್ಚಿಡುವುದೂ ತಪ್ಪು. ಅವುಗಳ ಕಾರಣವನ್ನು ಅರಸದೆ ಮದ್ದನ್ನೇ ಬಿಸುಡುವುದೂ ತಪ್ಪು.

ಬಲ್ಲವರೂ ತಪ್ಪುವುದುಂಟು. ಪ್ಲೇಗು ಕೊಳಕಿನಿಂದ ಬರುವುದೆಂದು ನಂಬಿದ ಅಧಿಕಾರಿಗಳು ಚರಂಡಿ ತೊಳೆಸಿದರು, ಗೋಡೆಗಳಿಗೆ ಸುಣ್ಣ ಬಳಿಸಿದರು. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಹರಡುವುದೆಂದು 1898ರಲ್ಲಿ ಪಾಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದಾಗ ಬಹುಜನ ಒಪ್ಪಲಿಲ್ಲ. 1905ರಿಂದ ಮುಂಬಯಿಯಲ್ಲಿ ಮತ್ತೆ ಪರೀಕ್ಷೆಗಳು ನಡೆದುವು. ಚಿಗಟವಿರುವ ನೆಲದ ಮೇಲೆ ಬಿಟ್ಟ ಗಿನಿಯಿಲಿಗೆ ರೋಗ ತಗಲಿತು. ಚಿಗಟ ಹಾರಲಾರದ ಎತ್ತರದಲ್ಲಿ ತೂಗುಹಾಕಿದುದಕ್ಕೆ ತಗಲಲಿಲ್ಲ. ಪಂಡಿತರು ತಮ್ಮ ಮತವನ್ನು ತಿದ್ದಿಕೊಂಡರು. ಕೊರೋನಾ ಕಾಲದಲ್ಲಿಯೂ ಮುಖವಸ್ತ್ರದ ವಿಷಯವಾಗಿ ಮೊದಲು ಕೊಟ್ಟ ಸಲಹೆಯನ್ನು ಆಮೇಲೆ ಬದಲಿಸಿದುದುಂಟು. ಇದನ್ನು ಕಂಡು “ಇವರಿಗೇನೂ ತಿಳಿಯದು” ಎಂದು ನಕ್ಕವರಿದ್ದರು. ಪ್ರಮಾಣ ದೊರೆತಾಗ ಮಾತು ಬದಲಿಸುವುದು ಅಜ್ಞಾನದ ಲಕ್ಷಣವಲ್ಲ. ದೊರೆತರೂ ಬದಲಿಸದಿರುವುದು ಅಜ್ಞಾನ.

ಈಗ ಒಂದು ಲೆಕ್ಕವನ್ನು ಮಾಡೋಣ. 1000 ಜನರಿರುವ ಒಂದು ಚಾಳನ್ನು ಕಲ್ಪಿಸಿಕೊಳ್ಳಿರಿ. 900 ಜನ ಲಸಿಕೆ ಪಡೆದವರು, 100 ಜನ ಪಡೆಯದವರು. ರೋಗ ಬಂದು ಆಸ್ಪತ್ರೆ ಸೇರಿದವರು 14 ಮಂದಿ. ಅವರಲ್ಲಿ ಲಸಿಕೆ ಪಡೆದವರು 9, ಪಡೆಯದವರು 5. “ನೋಡಿದಿರಾ, ಲಸಿಕೆ ಪಡೆದವರೇ ಹೆಚ್ಚು!” ಎಂದು ಯಾರಾದರೂ ಹೇಳಿದರೆ ಏನೆನ್ನುವಿರಿ? ಅಂಕಿಗಳು ಸುಳ್ಳಲ್ಲ. ಆದರೆ 900ರಲ್ಲಿ 9 ಎಂದರೆ ನೂರಕ್ಕೆ 1. 100ರಲ್ಲಿ 5 ಎಂದರೆ ನೂರಕ್ಕೆ 5. ಲಸಿಕೆ ಪಡೆಯದವರ ಅಪಾಯ ಐದು ಪಟ್ಟು. ಕೊರೋನಾ ಕಾಲದಲ್ಲಿ ಇಂತಹ ಅರ್ಧ ಲೆಕ್ಕಗಳು ಮೊಬೈಲಿನಿಂದ ಮೊಬೈಲಿಗೆ ಹಾರಿದುವು.

ಆದುದರಿಂದ ಭಯಪಡಿಸುವ ಸುದ್ದಿಯಾಗಲಿ, ಭಯವೇ ಬೇಡವೆನ್ನುವ ಸುದ್ದಿಯಾಗಲಿ ಕಿವಿಗೆ ಬಿದ್ದಾಗ ನಾಲ್ಕು ಪ್ರಶ್ನೆಗಳನ್ನು ಕೇಳಿರಿ.

1. ಎಷ್ಟರಲ್ಲಿ ಎಷ್ಟು?
2. ಯಾವುದರೊಡನೆ ಹೋಲಿಸಿದರು? ಹೋಲಿಸಿದ ಗುಂಪುಗಳ ವಯಸ್ಸು, ವಾಸ ಒಂದೇ ತೆರನೆ?
3. ಜೊತೆಯಲ್ಲಿ ನಡೆದುದೆಲ್ಲ ಕಾರಣವೆ?
4. ಹೇಳುವವನಿಗೆ ಇದು ಹೇಗೆ ತಿಳಿಯಿತು?

ಉತ್ತರ ದೊರೆಯುವ ತನಕ ಆ ಸುದ್ದಿಯನ್ನು ಮುಂದಕ್ಕೆ ಕಳುಹಿಸದಿರುವುದೂ ಒಂದು ಲೋಕೋಪಕಾರವೇ. ಭಯವನ್ನು ಪೂರ್ತಿ ತೊರೆಯಿರಿ ಎಂದು ನಾವು ಹೇಳೆವು. ಭಯವಿಲ್ಲದವನು ಕೈಯನ್ನೂ ತೊಳೆಯನು. ಆದರೆ ಅಳತೆಯಿಲ್ಲದ ಭಯ ರೋಗವನ್ನು ಬಿಟ್ಟು ಮನುಷ್ಯನನ್ನೇ ದೂರವಿಡುವುದು. ಅಂದು “ಮುಂಬಯಿಯಿಂದ ಬಂದವರು” ಎನ್ನಿಸಿಕೊಂಡವರು ನಮ್ಮವರೇ. ನಾಳೆ ಇನ್ನೊಂದು ಜಾಡ್ಯ ಬಂದು, ಇನ್ನಾವುದೋ ಊರಿನವರು ನಮ್ಮ ಚಾಳಿನ ಬಾಗಿಲಿಗೆ ಬಂದು ನಿಂತಾಗ, ಈ ಪಾಠದ ನಿಜವಾದ ಪರೀಕ್ಷೆ ನಡೆಯುವುದು.